ಸಾಗವಾನಿ, ಹಿತ್ತಾಳೆ, ತೊಗಲು

ಫೆಬ್ರುವರಿ 9, ಸೋಮವಾರ

ಡಾಕ್ಟರು ಹೇಳಿದ್ದಾರೆಂದು ಬರೆಯುತ್ತಿದ್ದೇನೆ, ಹುರುಪಿನಿಂದಲ್ಲ. ನನ್ನ ಬಿಪಿ ನೋಡಿ ಆ ಮನುಷ್ಯ, "ಪಾರಿಸಣ್ಣಾರ, ಮಂದಿ ಮ್ಯಾಲೆ ಒದರೂದು ಬಿಡ್ರಿ. ಸಿಟ್ಟು ಬಂದ್ರ ಬರದ ಇಡ್ರಿ" ಅಂದ. ರಾಜಮತಿಗೆ ಅಷ್ಟೇ ಸಾಕಾಯಿತು. ನನ್ನ ತಮ್ಮನ ಗೊಬ್ಬರದ ಅಂಗಡಿಯಲ್ಲಿ ಪುಕ್ಕಟೆ ಹಂಚಿದ ಡೈರಿಯನ್ನು ನನ್ನ ಮುಂದೆ ತಂದಿಟ್ಟು, "ಇನ್ಮ್ಯಾಲೆ ಇದರ ಜೋಡಿ ಜಗಳಾ ಮಾಡ್ರಿ, ನಾ ಆರಾಮ ಇರತೀನಿ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನನ್ನು ಡೈರಿಗೆ ಒಪ್ಪಿಸಿ ಕೈ ತೊಳೆದುಕೊಂಡಳು.

ಇವತ್ತಿನ ಸಿಟ್ಟಿಗೆ ಕಾರಣ ಬಾಬಾಸಾಹೇಬ. ಅಥಣಿ ಕಡೆಯ ದ್ರಾಕ್ಷಿ ತೋಟದ ಧಣಿ. ಹೊಸ ಲಾರಿ ತಂದು ಚಿಕ್ಕೋಡಿಯ ನಿಪ್ಪಾಣಿ ರಸ್ತೆಯಲ್ಲಿರುವ ನನ್ನ ಶೆಡ್ಡಿನೊಳಗೆ ನಿಲ್ಲಿಸಿದ. ಕ್ಯಾಬಿನ್ ಒಳಗಿನ ಅಲಂಕಾರ ಪೂರ್ತಿ ಬದಲಾಗಬೇಕಂತೆ. ಮೊಬೈಲಿನಲ್ಲಿ ಯಾವುದೋ ಪರದೇಶದ ಗಾಡಿ ತೋರಿಸಿದ. ಡ್ಯಾಶ್‌ಬೋರ್ಡಿಗೆ ಸಾಗವಾನಿ, ಅಂಚಿಗೆ ಹಿತ್ತಾಳೆ ಪಟ್ಟಿ, ಛತ್ತಿಗೆ ಮಖಮಲ್ಲು. ಅಲ್ಲಿಯವರೆಗೆ ಸರಿ. ಆಮೇಲೆ ಅಂದ: "ಸೀಟಿಗಿ, ಬಾಗಲಾ ಪ್ಯಾಡಿಗಿ ಖರೇ ತೊಗಲು. ಒಳಗ ಕುಂತ್ರ ವಾಡೇದಾಗ ಕುಂತಂಗ ಆಗಬೇಕ."

ನಾನು ಜೈನ. ಶೆಡ್ಡಿನಲ್ಲಿ ಇಷ್ಟು ವರ್ಷ ರೆಗ್ಜಿನ್ ಬಿಟ್ಟು ಬೇರೆ ಹೊಲಿದಿಲ್ಲ. ಚಾತುರ್ಮಾಸದಲ್ಲಿ ಮುನಿ ಮಹಾರಾಜರ ಎದುರು ಕೂತು ತೊಗಲು ಮುಟ್ಟುವುದಿಲ್ಲವೆಂದು ವ್ರತ ತೆಗೆದುಕೊಂಡವನು. ನನ್ನ ಸೊಂಟದ ಬೆಲ್ಟು ಕೂಡ ಕ್ಯಾನ್ವಾಸಿನದು. ಇದನ್ನೆಲ್ಲ ಹೇಳಿದರೆ ಆತ ನಗುತ್ತ, "ನೀ ಮುಟ್ಟಬ್ಯಾಡೋ ಮಾರಾಯಾ. ತೊಗಲಿನ ಕೆಲಸಕ್ಕ ನಮ್ಮೂರ ಈಶ್ವರ ಬರತಾನ. ಚಪ್ಲಿ ಮಾಡಾಂವ, ಕೈ ಚಲೋ ಐತಿ. ತೊಗಲು ನಂದು, ಕೂಲಿ ನಂದು. ನೀ ಕಟಗಿ, ಹಿತ್ತಾಳಿ, ಹೊಂದಸೂದು ನೋಡ್ಕೊ. ಯುಗಾದಿ ಪಾಡವಾಕ್ಕ ಗಾಡಿ ಪೂಜಾ. ಇದು ಮನಸಿಗಿ ಬಂದ್ರ ಉಳದ ಗಾಡಿ ಎಲ್ಲಾ ನಿನ್ನ ಕಡೆ. ಇಲ್ಲಾಂದ್ರ ಕೊಲ್ಲಾಪುರಕ್ಕ ಒಯ್ತೀನಿ" ಅಂದ.

ಬೇಡ ಅನ್ನಬೇಕಿತ್ತು. ಆದರೆ ಈಗ ಲಾರಿಗಳು ಕಂಪನಿಯಿಂದಲೇ ಏಸಿ ಹಾಕಿಸಿಕೊಂಡು, ಮದುಮಗನ ಹಾಗೆ ಸಿಂಗಾರವಾಗಿ ಬರುತ್ತವೆ. ನನ್ನ ಪಾಲಿಗೆ ಹರಿದ ಸೀಟಿನ ತೇಪೆ ಕೆಲಸ ಮಾತ್ರ ಉಳಿದಿದೆ. ಹೀಗೇ ನಡೆದರೆ ದೀಪಾವಳಿಯ ಹೊತ್ತಿಗೆ ಶೆಡ್ಡು ಯಾರದೋ ಟೈರು ಅಂಗಡಿ ಆಗುತ್ತದೆ, ನಾನು ತಮ್ಮನ ಗೊಬ್ಬರದ ಅಂಗಡಿಯಲ್ಲಿ ಗಿರಾಕಿಗಳಿಗೆ ಚೀಲ ತೋರಿಸುತ್ತ ಕೂರುತ್ತೇನೆ. ಅದಕ್ಕಿಂತ ಸಾಯುವುದು ಮೇಲು. ಹೂಂ ಅಂದೆ.

ಫೆಬ್ರುವರಿ 11, ಬುಧವಾರ

ಈಶ್ವರ ಬಂದ. ಅಥಣಿಯ ಮೊದಲ ಬಸ್ಸಿಗೆ. ಹೆಗಲ ಮೇಲೆ ತೊಗಲಿನ ಸುರುಳಿ, ಕೈಯಲ್ಲಿ ಹತ್ಯಾರದ ಚೀಲ. ನಮಸ್ಕಾರವನ್ನು ಕೂಡ ಉಪಕಾರ ಮಾಡಿದ ಹಾಗೆ ಮಾಡಿದ. ಕೆಲಸ ಶುರುವಾಗುವ ಮೊದಲೇ ಎಲ್ಲ ಸ್ಪಷ್ಟವಾಗಲಿ ಎಂದು ನಾನು ಅಳತೆಯ ಸೀಮೆಸುಣ್ಣ ತೆಗೆದುಕೊಂಡು ಹೊರಗೆ ಬೇವಿನ ಗಿಡದ ಬುಡದಲ್ಲಿ ಗೆರೆ ಎಳೆದೆ. ತೊಗಲು ಈ ಗೆರೆ ದಾಟಿ ಬರಕೂಡದು. ಅವನು ಅಲ್ಲೇ ಗೋಣಿತಟ್ಟು ಹಾಸಿಕೊಂಡು ಕೆಲಸ ಮಾಡಬೇಕು. ಹತ್ಯಾರ ಏನಾದರೂ ಕೊಡುವುದು ತೆಗೆದುಕೊಳ್ಳುವುದು ಇದ್ದರೆ ಗೆರೆಯ ಮೇಲೆ ಇಡಬೇಕು, ನಾನು ಎತ್ತಿಕೊಳ್ಳುತ್ತೇನೆ.

"ನೆಲದ ಮ್ಯಾಲೇನ್ರಿ?" ಅಂದ.

"ಹೌದು. ಅಲ್ಲೇ ಇಡು."

ಗೆರೆ ನೋಡಿದ, ನನ್ನನ್ನು ನೋಡಿದ, ಬೀಡಿ ಹಚ್ಚಿದ. ನಿಪ್ಪಾಣಿ ತಂಬಾಕಿನ ಘಾಟು ಶೆಡ್ಡೆಲ್ಲ ತುಂಬಿತು. ಹೊಗೆಗೆ ಗೆರೆ ಎಳೆಯಲು ಬರುವುದಿಲ್ಲವೆಂದು ಅವನಿಗೂ ಗೊತ್ತಿದೆ.

ಫೆಬ್ರುವರಿ 13, ಶುಕ್ರವಾರ

ಇಡೀ ದಿನ ತೊಗಲಿನ ವಾಸನೆ. ಅಳಲೆಕಾಯಿ, ಜಾಲಿ ತೊಗಟೆ, ಎಣ್ಣೆ, ಎಲ್ಲ ಸೇರಿ ಮೂಗಿನಲ್ಲಿ ಮನೆ ಮಾಡಿದೆ. ಸಂಜೆ ಬಂದು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಲು ಮನಸ್ಸು ಒಪ್ಪಲಿಲ್ಲ. ಸ್ನಾನ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ನಿನ್ನೆಯೂ ಹೀಗೇ ಉಪವಾಸ ಮಲಗಿದೆ.

ರಾಜಮತಿ ರೊಟ್ಟಿ ಮುಚ್ಚಿಡುತ್ತ, "ತೊಗಲು ಮುಟ್ಟಿಲ್ಲಂತೀರಿ. ಮತ್ತ ಈ ಜಳಕಾ ಯಾತರದು?" ಅಂದಳು.

ವಾಸನೆಗೆ, ಅಂದೆ. "ವಾಸನಿ ಜಳಕದಿಂದ ಹೋಗತೈತೇನ್ರಿ, ಮೂಗು ಕೊಯ್ಕೋಬೇಕ" ಅಂದಳು. ಇವಳಿಗೂ ಒಂದು ಡೈರಿ ತಂದುಕೊಡಬೇಕು.

ಫೆಬ್ರುವರಿ 17, ಮಂಗಳವಾರ

ಈ ಮನುಷ್ಯನಿಗೆ ಸೊಕ್ಕು ಎಷ್ಟಿದೆಯೆಂದರೆ, ನಾನು ಡ್ರೈವರ್ ಮಲಗುವ ಬರ್ತಿಗೆ ರೆಗ್ಜಿನ್ ಹೊಲಿಯುವುದನ್ನು ದೂರದಿಂದಲೇ ನೋಡಿ, "ಅದು ಪ್ಲಾಸ್ಟಿಕ್ ಅಲ್ಲೇನ್ರಿ? ಬ್ಯಾಸಿಗ್ಯಾಗ ಡ್ರೈವರಂದು ಕುಂಡಿ ಬೇಯತೈತಿ" ಅಂದ.

"ನಿನ್ನ ತೊಗಲು ಮಳಿಗಾಲದಾಗ ಬೂಸಲು ಹಿಡದು ನಾರತೈತಿ" ಅಂದೆ.

"ಎಣ್ಣಿ ಹಚ್ಚಿದ್ರ ನಾರೂದಿಲ್ರಿ. ಮೈಗಿ ಹಚ್ಚಂಗಿಲ್ಲೇನು?"

ನನ್ನ ಮಾತಿಗೆ ಮಾತು ಕೊಡುವವರು ಈ ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಿಪಿ ಎಷ್ಟಾಗಿತ್ತೋ.

ಅದರ ಮೇಲೆ ಇನ್ನೊಂದು ಪೀಡೆ. ಕಬ್ಬಿನ ಟ್ರ್ಯಾಕ್ಟರುಗಳು ಹೋದಾಗಲೆಲ್ಲ ರಸ್ತೆಯ ಧೂಳೆದ್ದು ಅವನ ತೊಗಲಿನ ಮೇಲೆ ಕೂರುತ್ತದೆ. ಎಣ್ಣೆ ಹಚ್ಚಿದ ತೊಗಲಿಗೆ ಧೂಳು ಅಂಟಿದರೆ ಕಲೆ. ಕಲೆಯಾದ ಸೀಟು ಹೋಗುವುದು ನನ್ನ ಶೆಡ್ಡಿನಿಂದ, ಹೆಸರು ಕೆಡುವುದು ನನ್ನದು. ಅದಕ್ಕಾಗಿ ಮಾತ್ರ ಗೆರೆಯನ್ನು ಶೆಡ್ಡಿನ ಬಾಗಿಲಿಗೆ ಸರಿಸಿದೆ. ಬಾಗಿಲ ಹೊರಮಗ್ಗುಲಿಗೆ. ತಗಡಿನ ನೆರಳು ಅಲ್ಲಿಯವರೆಗೆ ಬರುತ್ತದೆ.

ಫೆಬ್ರುವರಿ 23, ಸೋಮವಾರ

ಡ್ಯಾಶ್‌ಬೋರ್ಡಿನ ಸಾಗವಾನಿ ಕೂತಿದೆ. ಹಳೆಯ ಮನೆಯೊಂದರ ತೊಲೆ ಸೀಳಿ ತೆಗೆದ ಪಟ್ಟಿಗಳು. ಒಣಗಿ ಕಬ್ಬಿಣದಂತಾದ ಮರ, ಗೆರೆಗಳು ಹರಿಯುವ ನೀರಿನ ಹಾಗೆ. ನಾನು ಅದಕ್ಕೆ ಹೊಳಪಿಲ್ಲದ ಪಾಲಿಶ್ ಯೋಚಿಸಿದ್ದೆ. ಹಿತ್ತಾಳೆ ಮಾತ್ರ ಹೊಳೆಯಬೇಕು, ಮರ ಸುಮ್ಮನಿರಬೇಕು, ಮಖಮಲ್ಲು ಇನ್ನೂ ಸುಮ್ಮನಿರಬೇಕು. ಎಲ್ಲವೂ ಮಿಂಚಿದರೆ ಅದು ಕ್ಯಾಬಿನ್ ಅಲ್ಲ, ಬ್ಯಾಂಡಿನವರ ಗಾಡಿ.

ಬಾಬಾಸಾಹೇಬ ಬಂದವನೇ, "ಏ ಪಾರಿಸ, ಕನ್ನಡಿ ಹೊಳದಂಗ ಹೊಳೀಬೇಕೋ" ಎಂದು ಶುರು ಮಾಡಿದ. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹೊರಗಿನಿಂದ ಈಶ್ವರ, "ಬ್ಯಾಡ್ರಿ ಧಣ್ಯಾರ. ತೊಗಲಿಗಿ ಮಿಂಚು ಇಲ್ಲ. ಮಗ್ಗಲ್ದಾಗ ಕಟಗಿ ಮಿಂಚಿದ್ರ ಎರಡೂ ಹಳೀವು ಕಾಣತಾವ. ಅವ್ರು ಮಾಡಾಕತ್ತಿದ್ದ ಬರೋಬರಿ ಐತಿ" ಅಂದ. ಬಾಬಾಸಾಹೇಬ ತಲೆ ಕೆರೆದುಕೊಂಡು ಒಪ್ಪಿ ಹೋದ.

ನನ್ನ ಪರವಾಗಿ ಮಾತಾಡು ಎಂದು ಇವನಿಗೆ ಯಾರು ಹೇಳಿದ್ದರು? ನನಗೇನು ಬಾಯಿ ಇರಲಿಲ್ಲವೇ? ಮಧ್ಯಾಹ್ನವೆಲ್ಲ ಅದೇ ಕುದಿಯುತ್ತಿತ್ತು.

ಫೆಬ್ರುವರಿ 26, ಗುರುವಾರ

ಇವತ್ತು ಮನಸ್ಸಿಗೆ ತಂಪಾಗಿದೆ. ಈಶ್ವರ ತಪ್ಪು ಮಾಡಿದ! ಬಲಬಾಗಿಲಿನ ಪ್ಯಾಡು ಕೊಯ್ಯುವ ಬದಲು ಎರಡನೆಯದನ್ನೂ ಎಡಬಾಗಿಲಿಗೇ ಕೊಯ್ದ. ಕೊಯ್ದದ್ದು ಗೊತ್ತಾದ ಕೂಡಲೇ ಅತ್ತಿತ್ತ ನೋಡಿ, ತುಂಡನ್ನು ಗೋಣಿತಟ್ಟಿನ ಕೆಳಗೆ ತಳ್ಳಿ, ಅದರ ಮೇಲೆ ತಾನೇ ಕೂತ. ನಾನು ಲಾರಿಯ ಕನ್ನಡಿಯಲ್ಲಿ ಎಲ್ಲ ನೋಡಿದೆ.

"ಏನೋ ಈಶ್ವರ, ಕುಂದರಾಕ ಮೆತ್ತಗ ಆತೇನು?" ಅಂದೆ.

ಮುಖ ಕಪ್ಪಿಟ್ಟಿತು. "ಇಲ್ಲಿ ಬೆಳಕ ಇಲ್ರಿ. ನೆಳ್ಳಿನಾಗ ಹಿಂದ ಮುಂದ ತಿಳೀದಿಲ್ಲ" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆದರೆ ತೊಗಲು ಬೇಕಾದಷ್ಟಿಲ್ಲ. ಇನ್ನೊಂದು ತುಂಡು ಕೆಡಿಸಿದರೆ ಹೊಂದುವ ಬಣ್ಣ ಸಿಗುವುದಿಲ್ಲ, ಪಾಡ್ಯಕ್ಕೆ ಗಾಡಿ ಹೊರಡುವುದಿಲ್ಲ. ಛತ್ತಿನ ಫೈಬರ್ ಹಾಳೆಯ ಬೆಳಕು ಬೀಳುವುದು ಲಾರಿಯ ಎಡಗಾಲಿಯ ಪಕ್ಕದಲ್ಲಿ. ಗೆರೆಯನ್ನು ಅಲ್ಲಿಗೆ ತಂದೆ. ಶೆಡ್ಡಿನ ಒಳಗೆ, ನಿಜ. ಆದರೆ ಗೆರೆ ಇದೆಯಲ್ಲ.

ಇವತ್ತೂ ಸ್ನಾನ, ಇವತ್ತೂ ಉಪವಾಸ. ರಾಜಮತಿ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ.

ಮಾರ್ಚ್ 4, ಬುಧವಾರ

ಎರಡೂ ಬಾಗಿಲುಗಳಿಗೆ ಸಾಗವಾನಿಯ ಚೌಕಟ್ಟು ಆಯಿತು. ಚೌಕಟ್ಟಿನ ಒಳ ಅಂಚಿನಲ್ಲಿ ಕಚ್ಚು ಕೊರೆದಿದ್ದೇನೆ. ತೊಗಲಿನ ಅಂಚು ಮಡಚಿ ಆ ಕಚ್ಚಿನಲ್ಲಿ ಕೂರಬೇಕು, ಮೇಲೆ ಹಿತ್ತಾಳೆ ಪಟ್ಟಿ ಬಂದು ಒತ್ತಬೇಕು. ಮೊಳೆ ಕಾಣಬಾರದು, ಹೊಲಿಗೆ ಕಾಣಬಾರದು. ಮರ, ಹಿತ್ತಾಳೆ, ತೊಗಲು ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಸೇರಿಕೊಂಡಿರಬೇಕು.

ಕಚ್ಚಿನ ಅಗಲಕ್ಕೆ ರೆಗ್ಜಿನ್ ಚೂರೊಂದನ್ನು ಮಡಚಿ ಅಳತೆ ಹಿಡಿದೆ. ಈಶ್ವರ ಕೆಳಗಿನಿಂದ, "ತೊಗಲಿಂದು ತುಕಡಿ ಕೊಡತೀನ್ರಿ. ಒಮ್ಮಿ ಬೆರಳಾಗ ಹಿಡದು ನೋಡ್ರಿ" ಅಂದ.

"ಕಣ್ಣಿಲೇ ತಿಳೀತೈತಿ. ನೀ ಹುಟ್ಟೂ ಮೊದಲಿಂದ ಈ ಕೆಲಸ ಮಾಡೀನಿ."

ಅವನಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು ಅಷ್ಟೇ. ಸಿಟ್ಟಿನಲ್ಲಿ ಬಾಯಿಗೆ ಬಂದಿತು.

ಪಾಲಿಶ್ ಮೂರು ಕೈ ಆಯಿತು. ಅಂಗೈ ಆಡಿಸಿದರೆ ಕರುವಿನ ಕಿವಿ ಸವರಿದ ಹಾಗಿದೆ. ಇಂಥ ಕೆಲಸ ನನ್ನ ಕೈಯಿಂದ ಹಿಂದೆ ಆಗಿಲ್ಲ, ಇನ್ನು ಮುಂದೆ ಆಗುವುದೂ ಅನುಮಾನ.

ಮಾರ್ಚ್ 9, ಸೋಮವಾರ

ಹಾಳಾಯಿತು. ಎಲ್ಲ ಹಾಳಾಯಿತು.

ನಿನ್ನೆ ರಂಗಪಂಚಮಿಯೆಂದು ರಜೆ. ಇವತ್ತು ಈಶ್ವರ ಹೊಲಿದಿಟ್ಟ ಪ್ಯಾಡು ಹಿಡಿದು ಚೌಕಟ್ಟಿನಲ್ಲಿ ಕೂರಿಸಲು ಹೋದ. ಕೂರಲಿಲ್ಲ. ತೊಗಲಿನ ಮಡಿಕೆ ರೆಗ್ಜಿನ್ನಿಗಿಂತ ದುಪ್ಪಟ್ಟು ದಪ್ಪ. ಕಚ್ಚಿನಲ್ಲಿ ಅರ್ಧವೂ ಇಳಿಯಲಿಲ್ಲ, ಹಿತ್ತಾಳೆ ಪಟ್ಟಿ ಎದ್ದು ನಿಂತಿತು, ಬಾಗಿಲು ಮುಚ್ಚಲಿಲ್ಲ. ಬಲಬಾಗಿಲೂ ಹಾಗೇ.

"ಹೆಚ್ಚು ದಪ್ಪ ತೊಗಲು ತಂದೀದಿ" ಎಂದು ನಾನು ಒದರಿದೆ. "ಕಚ್ಚು ಸಣ್ಣ ಕೊರದೀರಿ" ಎಂದು ಅವನು ಒದರಿದ. ರಸ್ತೆಯಲ್ಲಿ ಹೋಗುವ ಮಂದಿ ನಿಂತು ನೋಡಿದರು. "ಒಮ್ಮಿ ಮುಟ್ಟಿ ನೋಡ್ರಿ ಅಂತ ಹೇಳಿದ್ನಿಲ್ಲ? ಮುಟ್ಟಿದ್ರ ಈ ತಿಪ್ಪಲ ಬರತಿದ್ದಿಲ್ಲ" ಅಂದ.

"ನನಗ ವ್ರತ ಐತಿ!"

ಆಗ ಅವನು ದನಿ ಇಳಿಸಿದ. ಒದರಿದ್ದರೆ ನನಗೆ ಅಷ್ಟು ಹತ್ತುತ್ತಿರಲಿಲ್ಲ.

"ತೊಗಲು ಮುಟ್ಟೂದಿಲ್ಲಂತ ವ್ರತ ಐತಿ. ಆತು, ನಾ ಏನೂ ಅನ್ನಂಗಿಲ್ಲ. ಅದು ನಿಮ್ಮ ಧರ್ಮ. ಆದ್ರ ನಾ ಏನ್ ತೊಗಲೇನ್ರಿ? ಸುತ್ತಿಗಿ ಕೊಡಾಕ ನೆಲಾ ಯಾಕ? ನನ್ನ ಕೈ ಮುಟ್ಟಬ್ಯಾಡ ಅಂತ ಯಾವ ಮಹಾರಾಜರು ಹೇಳ್ಯಾರ? ಹೆಸರು ಹೇಳ್ರಿ, ಹೋಗಿ ಕೇಳಿ ಬರತೀನಿ."

ಮಹಾರಾಜರ ಹೆಸರು ಇವನ ಬಾಯಲ್ಲಿ! "ಹೊರಗ ನಡಿ" ಅಂದೆ. ಹತ್ಯಾರ ಚೀಲಕ್ಕೆ ತುಂಬಿ, ತೊಗಲು ಅಲ್ಲೇ ಬಿಟ್ಟು, ಬಸ್ಸು ಹತ್ತಿ ಹೋದ. ಪೀಡೆ ತೊಲಗಿತು.

ಸ್ನಾನ ಮಾಡಿದೆ. ಯಾವ ಮಹಾರಾಜರೂ ಹೇಳಿಲ್ಲ. ಹೇಳುವ ಅಗತ್ಯವೇನಿದೆ? ಕೆಲವು ಹೇಳದೆ ಗೊತ್ತಿರುತ್ತವೆ.

ಮಾರ್ಚ್ 10, ಮಂಗಳವಾರ

ಬರಲಿಲ್ಲ. ಒಳ್ಳೆಯದೇ ಆಯಿತು. ಶೆಡ್ಡಿನಲ್ಲಿ ಬೀಡಿ ಹೊಗೆ ಇಲ್ಲ.

ಮಾರ್ಚ್ 11, ಬುಧವಾರ

ಬರಲಿಲ್ಲ. ಮಾತಾಡಿ ಮಾತಾಡಿ ಶೆಡ್ಡಿಗೆ ರೂಢಿಯಾಗಿತ್ತೋ ಏನೋ, ಇವತ್ತು ಸುತ್ತಿಗೆಯ ಸದ್ದು ಕೂಡ ಕಿವಿಗೆ ಕಟ್ಟೆನ್ನುತ್ತಿತ್ತು. ಮೊದಲ ಬಸ್ಸು ಬಂದಾಗ ಹೊರಗೆ ಹೋಗಿ ನಿಂತಿದ್ದೆ, ಗಾಳಿಗೆ.

ಮಾರ್ಚ್ 12, ಗುರುವಾರ

ಒಂದು ಬಾಗಿಲಿಗೆ ರೆಗ್ಜಿನ್ ಹಾಕಿ ನೋಡಿದೆ. ಕಚ್ಚಿನಲ್ಲಿ ಸರಿಯಾಗಿ ಕೂತಿತು. ಫೋಟೋ ಕಳಿಸಿದೆ. ಬಾಬಾಸಾಹೇಬ ಐದು ನಿಮಿಷದಲ್ಲಿ ಫೋನು ಮಾಡಿ, "ಇದೇನೋ ಪಾರಿಸ, ರೇಶಿಮಿ ಸೀರಿಗಿ ಸಿಮೆಂಟ ಚೀಲದ್ದು ತ್ಯಾಪಿ ಹಚ್ಚಿದಂಗ? ತೊಗಲು ಇಲ್ಲಾಂದ್ರ ಹೇಳಿಬಿಡು, ನಾಳೆ ಗಾಡಿ ಒಯ್ತೀನಿ. ಉಳದಾವನ್ನೂ ಮರತಬಿಡು" ಅಂದ.

ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜ. ಸಾಗವಾನಿಯ ಪಕ್ಕದಲ್ಲಿ ಆ ರೆಗ್ಜಿನ್ ನನಗೇ ಕಣ್ಣಿಗೆ ಚುಚ್ಚುತ್ತಿತ್ತು. ಈಶ್ವರನ ತೊಗಲಿನ ಬಣ್ಣ, ಅದೇ ಕಾಯಿಸಿದ ಬೆಲ್ಲದ ಬಣ್ಣ, ಅಲ್ಲಿ ಇದ್ದರೆ ಮರಕ್ಕೆ ಉಸಿರು ಬರುತ್ತಿತ್ತು.

ಟೈರು ಅಂಗಡಿಯವ ಸಂಜೆ ಬಂದು ಶೆಡ್ಡಿನ ಅಗಲ ಎಷ್ಟು ಎಂದು ಕೇಳಿದ. ಅವನ ಮೇಲೆ ಒದರಿದೆ. ಡಾಕ್ಟರು ಏನಾದರೂ ಅಂದುಕೊಳ್ಳಲಿ.

ಮಾರ್ಚ್ 13, ಶುಕ್ರವಾರ

ಅಥಣಿಗೆ ಹೋಗಿದ್ದೆ. ಕೈಮುಗಿಯಲು ಹೋಗಲಿಲ್ಲ, ಅದನ್ನು ಮೊದಲೇ ಬರೆದಿಡುತ್ತೇನೆ. ಕೆಲಸ ಅರ್ಧಕ್ಕೆ ಬಿಟ್ಟವನನ್ನು ಕೇಳಲು ಹೋಗಿದ್ದೆ.

ಓಣಿ ಕೇಳುತ್ತ ಹೋದರೆ ಅವನ ಮನೆಯ ಅಂಗಳ, ಪಡಸಾಲೆ, ಗೋಡೆ, ಎಲ್ಲೆಲ್ಲೂ ತೊಗಲು. ಒಣಗಿಸಿದ್ದು, ನೆನೆಸಿದ್ದು, ಕೊಯ್ದಿದ್ದು. ಕಾಲಿಡಲು ಜಾಗವಿರಲಿಲ್ಲ. ನಾನು ಬಿಸಿಲಲ್ಲಿ ಓಣಿಯಲ್ಲೇ ನಿಂತೆ. ಅವನ ಹೆಂಡತಿ ಶೈಲಾ ಹೊರಗೆ ಬಂದು ಯಾರೆಂದು ಕೇಳಿದಳು. ಚಿಕ್ಕೋಡಿಯ ಪಾರಿಸ ಅಂದೆ. "ಓ, ಗೆರಿ ಪಾರಿಸಣ್ಣಾರ!" ಅಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಅಂದರೆ ಆ ಮನೆಯಲ್ಲಿ ನನಗೆ ಹೆಸರಿಟ್ಟಿದ್ದಾರೆ.

ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಗೋಡೆಯ ನೆರಳಿಗೆ ಹಾಕಿದಳು. "ನಮ್ಮನಿ ಕುರ್ಚಿ ತೊಗಲಿನ ಪಟ್ಟೀವು. ಇದಕ್ಕ ತೊಗಲು ಇಲ್ರಿ, ಕುಂದರ್ರಿ. ನೀರು ಕಾಸಿ ಆರಿಸಿ ಸೋಸಿ ಕೊಡ್ಲೇನ್ರಿ? ನಿಮ್ಮ ಮಂದಿ ಹಂಗ ಕುಡೀತಾರಂತ ಗೊತ್ತೈತಿ" ಅಂದಳು. ಬೇಡ ಅಂದೆ. ನೀರಡಿಕೆ ಆಗಿತ್ತು.

ಈಶ್ವರ ತಕ್ಷಣ ಬರಲಿಲ್ಲ. ಒಳಗೆ ಚಪ್ಪಲಿ ಬಡಿಯುವ ಸದ್ದು ಕೇಳುತ್ತಿತ್ತು. ಬಡಿದಷ್ಟು ಬಡಿದು, ಮನಸ್ಸಿಗೆ ಬಂದಾಗ ಹೊರಗೆ ಬಂದ. ಅಷ್ಟು ಹೊತ್ತು ಓಣಿಯ ಮಂದಿಯೆಲ್ಲ ನನ್ನನ್ನು ನೋಡಿಕೊಂಡು ಹೋದರು. ಮನೆಗೆ ಬಂದವನನ್ನು ಹೊರಗೆ ಕೂರಿಸಿ ಕಾಯಿಸುವುದು ಯಾವ ದೊಡ್ಡಸ್ತಿಕೆ? ಮೈ ಉರಿಯಿತು.

"ಕಚ್ಚು ಅಗಲ ಮಾಡತೀನಿ. ಎಷ್ಟು ಬೇಕು ನೀ ಹೇಳು. ನಾಳೆ ಮೊದಲ ಬಸ್ಸಿಗಿ ಬಾ" ಅಂದೆ.

"ಎಲ್ಲಿ ಕುಂದರ್ಲಿ?" ಅಂದ.

"ಕ್ಯಾಬಿನ್‌ನ್ಯಾಗ. ಇನ್ನೆಲ್ಲಿ ಕುಂದರತಿ, ನನ್ನ ತಲೀ ಮ್ಯಾಲೇನು?"

ಅವನು ನಗಲಿಲ್ಲ. ಬರುತ್ತೇನೆ ಅನ್ನಲಿಲ್ಲ. ಒಳಗೆ ಹೋಗಿ ಮತ್ತೆ ಬಡಿಯತೊಡಗಿದ.

ಮಾರ್ಚ್ 14, ಶನಿವಾರ

ಬಂದ.

ಚೌಕಟ್ಟು ಬಿಚ್ಚಿದೆವು. ಅಳತೆಯ ಕಡ್ಡಿಯನ್ನು ಅವನ ಕೈಗೆ ಕೊಟ್ಟೆ, ತೊಗಲಿನ ಮಡಿಕೆಗೆ ಹಚ್ಚಿ ಓದಿ ಹೇಳಿದ. ಅವನು ಹೇಳಿದ್ದನ್ನು ಎರಡು ಸಲ ಕೇಳಿ ಗುರುತು ಹಾಕಿಕೊಂಡೆ, ಅವನ ಲೆಕ್ಕವನ್ನು ನಂಬುವುದು ಹೇಗೆ? ಆಮೇಲೆ ಮೂರು ಕೈ ಪಾಲಿಶ್ ಆದ ಮರಕ್ಕೆ ಉಳಿ ಹಚ್ಚಿದೆ. ಮೊದಲ ಸಿಪ್ಪೆಯನ್ನು ಎಸೆಯದೆ ಜೇಬಿಗೆ ಹಾಕಿಕೊಂಡೆ. ಅವನು ನೋಡುತ್ತಿದ್ದ. "ನಾ ತೊಗಲು ಹೆರದು ತೆಳ್ಳಗ ಮಾಡ್ಲೇನ್ರಿ, ಸ್ವಲ್ಪ? ನಿಮ್ಮ ಕಟಗಿ ಉಳೀತೈತಿ" ಅಂದ.

"ಅಂಚಿನಾಗ ಹೆರದ್ರ ಹರೀತೈತಿ. ಸುಮ್ನಿರು."

"ಹರೀಲಾರದಂಗ ಹೆರೀತೀನಿ. ಕೈ ಇಲ್ಲಂತ ತಿಳದೀರೇನು?"

ಮಧ್ಯಾಹ್ನದವರೆಗೆ ಇದೇ ವಾದ. ಕೊನೆಗೆ ಅವನು ಅರ್ಧ ಹೆರೆದ, ನಾನು ಅರ್ಧ ಕೊರೆದೆ.

ರಾಜಮತಿ ಚಹಾ ತಂದವಳು ನೆಲ ನೋಡಿ, "ನಿಮ್ಮ ಗೆರಿ ಎಲ್ಲಿ ಹೋತ್ರಿ?" ಅಂದಳು. ತುಳಿದಾಡಿ ಅಳಿಸಿ ಹೋಗಿದೆ. ನಾಳೆ ಎಳೆಯುತ್ತೇನೆ. ಈಗ ಉಳಿಯ ಕೆಲಸ ಮೊದಲು.

ಮಾರ್ಚ್ 17, ಮಂಗಳವಾರ

ದಣಿದಿದ್ದೇನೆ, ಆದರೂ ಬರೆಯುತ್ತೇನೆ.

ಎಡಬಾಗಿಲು ನಿನ್ನೆ ಮುಗಿದಿತ್ತು. ಇವತ್ತು ಬಲಬಾಗಿಲಿನದು ಅವಾಂತರ. ತೊಗಲನ್ನು ಕಚ್ಚಿನೊಳಗೆ ತಳ್ಳಿ, ಅಂಟು ಹಿಡಿಯುವವರೆಗೆ ಭಾರ ಹಾಕಿ ಒತ್ತಬೇಕು. ಆ ಬಾಗಿಲಿನ ಮೂಲೆಯಲ್ಲಿ ಕ್ಲಾಂಪು ಕೂರುವುದಿಲ್ಲ. ಈಶ್ವರ ಎರಡೂ ಅಂಗೈಯಿಂದ ಒತ್ತಿ ಹಿಡಿದ. ಸಾಲಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತಿತ್ತು. ಅಂಟು ಬಿಗಿಯುತ್ತಿತ್ತು. ಈಗ ಕೈ ಬಿಟ್ಟರೆ ತೊಗಲೂ ಹೋಯಿತು, ಮರವೂ ಹೋಯಿತು.

"ಬಟ್ಟಿ ಹಾಕ್ಕೊಂಡು ಒತ್ತರಿ!" ಎಂದು ಕೂಗಿದ.

ಬಟ್ಟೆಯ ಮೇಲಿನಿಂದ ಒತ್ತಿದರೂ ಮುಟ್ಟಿದ ಹಾಗೆಯೇ. ವ್ರತದಲ್ಲಿ ಕಳ್ಳದಾರಿ ನನಗೆ ಒಪ್ಪಿಗೆಯಿಲ್ಲ. ನಿಂತಲ್ಲೇ ಬೆವೆತೆ. ಆಮೇಲೆ ಏನು ಯೋಚಿಸಿದೆನೋ ಗೊತ್ತಿಲ್ಲ. ತೊಗಲಿನ ಮೇಲೆ ಅವನ ಕೈಗಳಿದ್ದವು. ಅವನ ಕೈಗಳ ಮೇಲೆ ನನ್ನ ಕೈಗಳನ್ನಿಟ್ಟು, ಮೈಭಾರವೆಲ್ಲ ಹಾಕಿ ಒತ್ತಿದೆ.

ಅವನು ಒಮ್ಮೆ ತಿರುಗಿ ನೋಡಿದ. ನಾನು ಚೌಕಟ್ಟನ್ನೇ ನೋಡುತ್ತಿದ್ದೆ. ಕೈ ಎಷ್ಟು ಒರಟು ಅವನದು! ಹೆಬ್ಬೆರಳ ಬುಡದಲ್ಲಿ ಉಳಿ ಜಾರಿದ ಹಳೆಯ ಗಾಯವಿದೆ. ನನಗೂ ಅದೇ ಜಾಗದಲ್ಲಿ ಇದೆ, ಈ ಕಸುಬಿನಲ್ಲಿ ಎಲ್ಲರಿಗೂ ಇರುತ್ತದೆ. ಅಂಟು ಹಿಡಿಯಲು ಬಹಳ ಹೊತ್ತು ಬೇಕಾಯಿತು. "ಜೋರಾಗಿ ಒತ್ತಬ್ಯಾಡ್ರಿ, ನನ್ನ ಬೆರಳಿಗೂ ಜೀವ ಐತಿ" ಎಂದು ನಡುವೆ ಗೊಣಗಿದ. "ಒತ್ತದಿದ್ರ ಹಿಡೀತೈತೇನು?" ಅಂದೆ.

ಕೈ ತೆಗೆದಾಗ ಕಚ್ಚಿನ ಸಂದು ಕಾಣುತ್ತಿರಲಿಲ್ಲ. ಹಿತ್ತಾಳೆ ಪಟ್ಟಿ ತಾನಾಗಿ ಕೂತಿತು. ಬಾಗಿಲು ಮುಚ್ಚಿದೆ. ಡಬ್ ಅನ್ನಲಿಲ್ಲ, ಸುಮ್ಮನೆ ಮುಚ್ಚಿಕೊಂಡಿತು.

ಮನೆಗೆ ಬಂದಾಗ ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು. ಹೊಟ್ಟೆ ಹಸಿದು ಕೂಗುತ್ತಿತ್ತು. ರಾಜಮತಿ, "ಜಳಕಕ್ಕ ನೀರು ತೋಡ್ಲೇನ್ರಿ?" ಎಂದು ಕೇಳಿದಳು. ಮೊದಲು ರೊಟ್ಟಿ ಹಾಕು, ಅಂದೆ. ಕೈಕಾಲು ತೊಳೆದುಕೊಂಡು ಕೂತು ಮೂರು ರೊಟ್ಟಿ ಉಂಡೆ. ಅವಳು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಪಲ್ಯಕ್ಕೆ ಉಪ್ಪು ಕಡಿಮೆ ಅಂದರೂ ಜಗಳಕ್ಕೆ ಬರಲಿಲ್ಲ. ಇವಳಿಗೆ ಮೈಗೆ ಹುಷಾರಿಲ್ಲವೋ ಏನೋ.

ಮಾರ್ಚ್ 19, ಗುರುವಾರ, ಪಾಡ್ಯ

ಬೆಳಿಗ್ಗೆ ಬಾಬಾಸಾಹೇಬ ಹೂವಿನ ಹಾರ ಹಿಡಿದು ಬಂದ. ಕ್ಯಾಬಿನ್ ಹತ್ತಿ ಬಾಗಿಲು ಎಳೆದುಕೊಂಡವನು ಬಹಳ ಹೊತ್ತು ಇಳಿಯಲಿಲ್ಲ. ಒಳಗೆ ಕೂತು ಮರ ಸವರುತ್ತಿದ್ದ, ತೊಗಲು ಸವರುತ್ತಿದ್ದ, ಅಂಚಿನ ಹಿತ್ತಾಳೆಯಲ್ಲಿ ಮೀಸೆ ನೋಡಿಕೊಂಡ. ಇಳಿದ ಮೇಲೆ, "ಇದು ಎಲ್ಲಿ ಮುಗೀತು, ಅದು ಎಲ್ಲಿ ಚಾಲೂ ಆತು, ಗೊತ್ತ ಆಗಂಗಿಲ್ಲಲ್ಲೋ! ಮುಂದಿನ ವಾರ ಎರಡನೇ ಗಾಡಿ ಕಳಸ್ತೀನಿ. ಇಬ್ರೂ ಕೂಡೇ ಮಾಡ್ರಿ" ಅಂದ.

ಶೆಡ್ಡು ಉಳಿಯಿತು. ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ, ಬಿಪಿ.

ರಾಜಮತಿ ಬೇವು ಬೆಲ್ಲದ ತಟ್ಟೆ ಕಳಿಸಿದ್ದಳು. ಬಾಬಾಸಾಹೇಬನಿಗೆ ಕೊಟ್ಟೆ. ಆಮೇಲೆ ಒಂದು ಉಂಡೆ ತೆಗೆದುಕೊಂಡು ಈಶ್ವರನ ಹತ್ತಿರ ಹೋದೆ. ಅವನು ಲಾರಿಯ ಮೆಟ್ಟಿಲ ಬಳಿ ಹತ್ಯಾರ ಕಟ್ಟುತ್ತಿದ್ದ. ಕೈ ಚಾಚಿ, "ತಗೋ ಈಶ್ವರ, ಹಬ್ಬ" ಅಂದೆ.

ನನ್ನ ಕೈ ನೋಡಿದ. ಮುಖ ನೋಡಿದ. ಚೀಲದ ದಾರ ಬಿಗಿಯುತ್ತ ಅಂದ:

"ಅಲ್ಲೇ ಇಡ್ರಿ. ತಗೋತೀನಿ."

ನಾನು ನಿಂತೇ ಇದ್ದೆ. ಕೈಯೂ ಚಾಚಿಯೇ ಇತ್ತು. ಮೊನ್ನೆ ಇವೇ ಕೈಗಳ ಮೇಲೆ ಕೈಯಿಟ್ಟಿದ್ದೆನಲ್ಲ, ಅದು ಲೆಕ್ಕಕ್ಕಿಲ್ಲವೇ ಎಂದು ಕೇಳಬೇಕೆನ್ನಿಸಿತು. ಅವನು ದಾರದ ಗಂಟು ಹಾಕುತ್ತಲೇ ಇದ್ದ, ಅವನಿಗೆ ಅವಸರವಿರಲಿಲ್ಲ. ಕೊನೆಗೆ ಲಾರಿಯ ಮೆಟ್ಟಿಲ ಮೇಲೆ ಇಟ್ಟೆ. ಅವನು ಬಗ್ಗಿ ಎತ್ತಿ ಬಾಯಿಗೆ ಹಾಕಿಕೊಂಡ.

"ಬೇವು ಹೆಚ್ಚು ಆಗೇತ್ರಿ" ಅಂದ. ಚೀಲ ಹೆಗಲಿಗೇರಿಸಿ, "ಮುಂದಿನ ಗಾಡಿಗಿ ಬರತೀನಿ" ಎಂದು ಬಸ್ಸಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

ಎಂಥ ಸೊಕ್ಕು! ಹಬ್ಬದ ದಿನ ಕೊಡಲು ಹೋದವನಿಗೆ! ದಾರಿಯುದ್ದಕ್ಕೂ ಬೈದುಕೊಂಡೇ ಮನೆಗೆ ಬಂದೆ.

ರಾಜಮತಿ, "ನೀವು ತಿಂದ್ರೇನು?" ಎಂದು ಕೇಳಿದಳು. ಹಂಚುವ ಗಡಿಬಿಡಿಯಲ್ಲಿ ನಾನು ತಿಂದಿರಲಿಲ್ಲ. "ಹಿಡೀರಿ ಕೈ" ಅಂದಳು. ಚಾಚಿದೆ. ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ನನಗೆ ಒಮ್ಮೆಲೇ ಅಳು ಬಂತು. ಅವಳ ಎದುರಿಗೇ ಅತ್ತೆ. ಏನಾಯಿತು ಎಂದು ಕೇಳಿದಳು. ಉಂಡೆಯನ್ನು ಬಾಯಿಗೆ ಹಾಕಿಕೊಂಡೆ.

ಬೇವು ಹೆಚ್ಚಾಗಿರಲಿಲ್ಲ. ಬೆಲ್ಲ ಸರಿಯಾಗಿತ್ತು. ಆ ಮನುಷ್ಯ ಸುಳ್ಳು ಹೇಳಿದ.